ಫೇಜ್ ಪ್ರೋಟೀನ್‌ನಿಂದ ಲಿಸ್ಟೀರಿಯಾ ಹಿಡಿಯುವುದು ಹೇಗೆ: ಜೀನ್‌ನಿಂದ ಕಾಂತೀಯ ಮಣಿಯವರೆಗೆ

ಲಿಸ್ಟೀರಿಯಾ ಮೋನೋಸೈಟೋಜೆನಿಸ್ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ 4 ಡಿಗ್ರಿ ಚಳಿಯಲ್ಲೂ ಬೆಳೆಯುತ್ತದೆ. ಕಾಯಿಸದೆ, ಬೇಯಿಸದೆ ಹಾಗೇ ತಿನ್ನುವ ಚೀಸ್, ಐಸ್‌ಕ್ರೀಮ್, ಸಂಸ್ಕರಿತ ಮಾಂಸದಂಥ ಪದಾರ್ಥಗಳಲ್ಲಿ ಅದು ಅಪಾಯಕಾರಿಯಾಗುವುದು ಈ ಗುಣದಿಂದಲೇ. 2017-18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪೊಲೋನಿ ಎಂಬ ಸಂಸ್ಕರಿತ ಮಾಂಸದ ಮೂಲಕ ಅದು ಹರಡಿದಾಗ ಸಾವಿರಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು, 200ಕ್ಕೂ ಹೆಚ್ಚು ಮಂದಿ ಸತ್ತರು. ಸೋಂಕಿತರಲ್ಲಿ ಹಸುಗೂಸುಗಳದ್ದು ದೊಡ್ಡ ಪಾಲು. 25 ಗ್ರಾಂ ಆಹಾರದಲ್ಲಿ ಒಂದೇ ಒಂದು ಕೋಶವೂ ಸಿಗಬಾರದು ಎಂಬ ಕಟ್ಟುನಿಟ್ಟು ಇರುವುದು ಇದಕ್ಕಾಗಿ. ಆದರೆ ಆ ಒಂದನ್ನು ಹುಡುಕುವ ಮಾಮೂಲಿ ಕ್ರಮಕ್ಕೆ, ಅಂದರೆ ಎರಡು ಹಂತದ ಪೋಷಕ ಸಾರು, ಆಮೇಲೆ ಆಯ್ದ ಅಗರ್ ತಟ್ಟೆ, ಆಮೇಲೆ ದೃಢೀಕರಣ, ಇಷ್ಟಕ್ಕೂ ಸೇರಿ ನಾಲ್ಕರಿಂದ ಏಳು ದಿನ ಬೇಕು.

ಈ ಹೊತ್ತನ್ನು ಕಡಿಮೆ ಮಾಡುವ ಒಂದು ದಾರಿ ಬ್ಯಾಕ್ಟೀರಿಯಾಗಳ ವೈರಸ್ಸುಗಳಲ್ಲೇ ಇದೆ. ಫೇಜ್‌ ಎಂಬ ಈ ವೈರಸ್ಸುಗಳು ತಮ್ಮ ಬೇಟೆಯನ್ನು ಗುರುತಿಸುವ ಕಲೆಯನ್ನು ಕೋಟ್ಯಂತರ ವರ್ಷಗಳಿಂದ ತಿದ್ದಿಕೊಂಡು ಬಂದಿವೆ. ನಮಗೆ ಬೇಕಾದ್ದು ಇಡೀ ವೈರಸ್ ಅಲ್ಲ. ಅದರ ಒಂದು ಪ್ರೋಟೀನ್‌ನ ಒಂದು ತುಂಡು. ಆ ತುಂಡನ್ನು ಆರಿಸಿ, ಹೊಳೆಯುವ ಪ್ರೋಟೀನ್‌ಗೆ ಜೋಡಿಸಿ, ಕಾಂತೀಯ ಮಣಿಗೆ ಅಂಟಿಸಿ, ಹಾಲಿನ ಮಾದರಿಯಿಂದ ಬ್ಯಾಕ್ಟೀರಿಯಾ ಎತ್ತುವವರೆಗಿನ ಕೆಲಸ ಇಲ್ಲಿದೆ. ಆಣ್ವಿಕ ಜೀವಶಾಸ್ತ್ರದ ಪ್ರಾಥಮಿಕ ಕೆಲಸ ಗೊತ್ತಿರುವ ಎಂ.ಎಸ್ಸಿ. ವಿದ್ಯಾರ್ಥಿಗಳು, ಡೇರಿ ಪ್ರಯೋಗಾಲಯದವರು ಓದುತ್ತಿದ್ದಾರೆ ಎಂದುಕೊಂಡು ಬರೆದಿದ್ದೇವೆ.

ಶುರು ಮಾಡುವ ಮೊದಲು ಎರಡು ಮಾತು. ಕುಲಾಂತರಿ ಬ್ಯಾಕ್ಟೀರಿಯಾ ಬೆಳೆಸುವ ಕೆಲಸವಾದ್ದರಿಂದ ಭಾರತದಲ್ಲಿ 1989ರ ನಿಯಮಗಳ ಪ್ರಕಾರ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಇನ್ನೊಂದು, ರೋಗಕಾರಕ ಲಿಸ್ಟೀರಿಯಾವನ್ನು ಎರಡನೇ ಸುರಕ್ಷತಾ ಮಟ್ಟದ ಪ್ರಯೋಗಾಲಯದಲ್ಲಿ ಮಾತ್ರ ತೆರೆಯಬೇಕು. ಗರ್ಭಿಣಿಯರು ಆ ಕೋಣೆಯಲ್ಲಿ ಕೆಲಸ ಮಾಡಲೇಬಾರದು. ಪುಣ್ಯಕ್ಕೆ ಈ ವಿಧಾನವನ್ನು ಕಟ್ಟುವುದಕ್ಕೂ ತಿದ್ದುವುದಕ್ಕೂ ರೋಗಕಾರಕ ಬೇಕಾಗಿಯೇ ಇಲ್ಲ. ಅದರ ನಿರುಪದ್ರವಿ ಬಂಧು ಲಿಸ್ಟೀರಿಯಾ ಇನೋಕುವಾ ಸಾಕು. ಸಿರೋವಾರ್ (ಮೇಲ್ಮೈ ಗುರುತುಗಳನ್ನು ನೋಡಿ ಮಾಡಿದ ಒಳಗುಂಪು) 6ಎ ಅಥವಾ 6ಬಿ ತಳಿಯನ್ನು ತರಿಸಿಕೊಳ್ಳಿ. ಎಟಿಸಿಸಿ ಎಂಬ ಜೀವಾಣು ಸಂಗ್ರಹದ 33090 ಅಂಥದ್ದು. ಯಾಕೆ 6 ಎಂಬುದು ಮುಂದೆ ತಿಳಿಯುತ್ತದೆ.

ಕತ್ತರಿಯನ್ನು ಬಿಟ್ಟು ಕೈಯನ್ನು ಉಳಿಸಿಕೊಳ್ಳುವುದು

ಫೇಜ್ ಬ್ಯಾಕ್ಟೀರಿಯಾದೊಳಗೆ ಮರಿಗಳನ್ನು ಮಾಡಿದ ಮೇಲೆ ಹೊರಬರಲು ಕೋಶಭಿತ್ತಿಯನ್ನು ಒಡೆಯಬೇಕು. ಆ ಕೆಲಸ ಮಾಡುವ ಕಿಣ್ವ ಎಂಡೋಲೈಸಿನ್. ಲಿಸ್ಟೀರಿಯಾ ಫೇಜ್‌ಗಳ ಎಂಡೋಲೈಸಿನ್‌ಗಳಲ್ಲಿ ಎರಡು ಭಾಗಗಳಿವೆ: ಮುಂದಿನ ತುದಿಯಲ್ಲಿ ಭಿತ್ತಿಯನ್ನು ಕತ್ತರಿಸುವ ಭಾಗ, ಹಿಂದಿನ ತುದಿಯಲ್ಲಿ ಭಿತ್ತಿಯನ್ನು ಹಿಡಿದುಕೊಳ್ಳುವ ಭಾಗ. ಇವೆರಡನ್ನೂ ಬೇರ್ಪಡಿಸಬಹುದು, ಹಿಡಿಯುವ ಭಾಗ ಒಂಟಿಯಾಗಿಯೂ ತನ್ನ ಕೆಲಸ ಮರೆಯುವುದಿಲ್ಲ ಎಂಬುದನ್ನು ಮಾರ್ಟಿನ್ ಲೋಸ್ನರ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. 2007ರಲ್ಲಿ ಅದೇ ಗುಂಪು ಇಂಥ ತುಂಡುಗಳನ್ನು ಕಾಂತೀಯ ಮಣಿಗಳಿಗೆ ಅಂಟಿಸಿ, ತೆಳು ದ್ರಾವಣದಲ್ಲಿದ್ದ ಲಿಸ್ಟೀರಿಯಾ ಕೋಶಗಳಲ್ಲಿ 90 ಶೇಕಡಕ್ಕೂ ಹೆಚ್ಚು ಪಾಲನ್ನು ಎತ್ತಿತು. ಇಲ್ಲಿಯ ವಿಧಾನ ಆ ಹಾದಿಯಲ್ಲೇ ನಡೆಯುತ್ತದೆ.

ಕತ್ತರಿಸುವ ಭಾಗವನ್ನು ಉಳಿಸಿಕೊಂಡರೆ ಆಗುವುದು ಇಷ್ಟೇ: ಮಣಿ ಬ್ಯಾಕ್ಟೀರಿಯಾವನ್ನು ಹಿಡಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಅದು ಒಡೆದುಹೋಗುತ್ತದೆ, ತಟ್ಟೆಯ ಮೇಲೆ ಏನೂ ಬೆಳೆಯುವುದಿಲ್ಲ. ಸಕ್ರಿಯ ಜಾಗದ ಒಂದು ಅಮೈನೋ ಆಮ್ಲ ಬದಲಿಸಿ ಕಿಣ್ವವನ್ನು ನಿಷ್ಕ್ರಿಯಗೊಳಿಸಬಹುದಾದರೂ, ಆ ಭಾಗವನ್ನು ಪೂರ್ತಿ ತೆಗೆದುಹಾಕುವುದೇ ಮೇಲು. ಪ್ರೋಟೀನ್ ಚಿಕ್ಕದಾದಷ್ಟೂ ಚೆನ್ನಾಗಿ ಮಡಿಚಿಕೊಳ್ಳುತ್ತದೆ.

ಯಾವ ಫೇಜ್‌ನಿಂದ ತೆಗೆದುಕೊಳ್ಳಬೇಕು? ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಹಿಡಿಯುವ ಭಾಗಗಳು ಭಿತ್ತಿಯ ಸಕ್ಕರೆಗಳನ್ನು, ಮುಖ್ಯವಾಗಿ ಭಿತ್ತಿಯಲ್ಲಿರುವ ಟೀಕೋಯಿಕ್ ಆಮ್ಲ ಎಂಬ ಉದ್ದ ಸರಪಳಿಯ ಮೇಲಿನ ಅಲಂಕಾರಗಳನ್ನು ನೋಡುತ್ತವೆ, ಬ್ಯಾಕ್ಟೀರಿಯಾದ ಹೆಸರನ್ನಲ್ಲ. ಎ500 ಎಂಬ ಫೇಜ್‌ನ ಎಂಡೋಲೈಸಿನ್ ತುಂಡು ಸಿರೋವಾರ್ 4, 5, 6 ಗುಂಪುಗಳನ್ನು ಹಿಡಿಯುತ್ತದೆ. ಎ118 ಫೇಜ್‌ನದ್ದು 1/2 ಮತ್ತು 3 ಗುಂಪುಗಳನ್ನು. ದಕ್ಷಿಣ ಆಫ್ರಿಕಾದ ಸೋಂಕಿನಂಥ ದೊಡ್ಡ ಹಾವಳಿಗಳಲ್ಲಿ 4ಬಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಆಹಾರದ ಮಾದರಿಗಳಲ್ಲಿ 1/2ಎ ಬಹಳ. ಹೀಗಾಗಿ ಒಂದೇ ತುಂಡನ್ನು ನೆಚ್ಚಿಕೊಂಡ ಪರೀಕ್ಷೆ ಅರ್ಧ ಕುರುಡು. ಎರಡೂ ಪ್ರೋಟೀನ್‌ಗಳನ್ನು ಬೇರೆಬೇರೆಯಾಗಿ ತಯಾರಿಸಿ, ಬೇರೆಬೇರೆ ಮಣಿಗಳಿಗೆ ಅಂಟಿಸಿ, ಕೊನೆಯಲ್ಲಿ ಮಣಿಗಳನ್ನು ಬೆರೆಸುವುದು ಸರಳ. ಎರಡನ್ನೂ ಒಂದೇ ಸರಪಳಿಯಲ್ಲಿ ಜೋಡಿಸಿದರೆ ಹಿಡಿತದ ವ್ಯಾಪ್ತಿ ಹಿಗ್ಗುತ್ತದೆ, ಒಂದನ್ನೇ ಎರಡು ಸಲ ಜೋಡಿಸಿದರೆ ಹಿಡಿತ ಬಿಗಿಯಾಗುತ್ತದೆ ಎಂಬುದು 2011ರಲ್ಲಿ ಪ್ರಕಟವಾದ ಕೆಲಸದಲ್ಲಿದೆ. ಆದರೆ ಮೊದಲ ಪ್ರಯತ್ನಕ್ಕೆ ಒಂಟಿ ತುಂಡೇ ಸರಿ. ಇಲ್ಲಿಂದ ಮುಂದೆ ಎ500ರದ್ದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇವೆ. ನಮ್ಮ ಅಭ್ಯಾಸದ ತಳಿ ಸಿರೋವಾರ್ 6 ಆಗಿರುವುದು ಇದಕ್ಕೇ.

ಜೀನ್ ವಿನ್ಯಾಸ

ಎ500ರ ಎಂಡೋಲೈಸಿನ್ 289 ಅಮೈನೋ ಆಮ್ಲಗಳ ಪ್ರೋಟೀನ್. ಹೆಚ್ಚುಕಡಿಮೆ ಮೊದಲರ್ಧ ಕತ್ತರಿ, ಉಳಿದದ್ದು ಕೈ. ಎಲ್ಲಿ ಕತ್ತರಿಸಬೇಕು ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಸಂಬಂಧಿ ಫೇಜ್ ಪಿಎಸ್‌ಎ ಎಂಡೋಲೈಸಿನ್‌ನ ಹರಳು ರಚನೆ 2006ರಲ್ಲಿ ಬಂದಿತು. ಅದರ ಹಿಡಿಯುವ ಭಾಗದಲ್ಲಿ ಒಂದರ ಎಳೆ ಇನ್ನೊಂದರೊಳಗೆ ಸೇರಿಕೊಂಡ ಎರಡು ಚಿಕ್ಕ ಪೀಪಾಯಿಯಾಕಾರದ ಮಡಿಕೆಗಳಿವೆ. ಇಂಥ ರಚನೆಯಲ್ಲಿ ಒಂದು ಎಳೆ ಕತ್ತರಿಸಿಹೋದರೂ ಎರಡೂ ಪೀಪಾಯಿ ಕುಸಿಯುತ್ತವೆ. ಪ್ರೋಟೀನ್‌ನ ಆಕಾರ ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶದಲ್ಲಿ ನಿಮ್ಮ ಸರಣಿಯ ಮಾದರಿ ತೆಗೆದು, ಎರಡು ಭಾಗಗಳ ನಡುವಿನ ಸಡಿಲ ಕೊಂಡಿ ಎಲ್ಲಿ ಮುಗಿಯುತ್ತದೆ ನೋಡಿ. ಆ ಜಾಗದಿಂದ ಒಂದು, ಅದಕ್ಕಿಂತ ಐದು ಅಮೈನೋ ಆಮ್ಲ ಮುಂಚಿನಿಂದ (ಕತ್ತರಿಯ ಕಡೆಗೆ) ಒಂದು, ಹತ್ತು ಮುಂಚಿನಿಂದ ಒಂದು, ಹೀಗೆ ಮೂರು ಆವೃತ್ತಿಗಳನ್ನು ಒಟ್ಟಿಗೆ ಮಾಡಿಸಿ. ಒಂದನ್ನೇ ಮಾಡಿಸಿ, ಅದು ಕರಗದೆ, ತಿಂಗಳು ಕಳೆದ ಮೇಲೆ ಎರಡನೆಯದಕ್ಕೆ ಹೋಗುವುದಕ್ಕಿಂತ ಇದು ಅಗ್ಗ.

ಸರಪಳಿಯ ಕ್ರಮ ಹೀಗಿರಲಿ: ಆರು ಹಿಸ್ಟಿಡಿನ್‌ಗಳ ಟ್ಯಾಗ್, ಅದರ ಹಿಂದೆ 15 ಅಮೈನೋ ಆಮ್ಲಗಳ ಏವಿ ಟ್ಯಾಗ್, ಸೂಪರ್‌ಫೋಲ್ಡರ್ ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನ್, ನಾಲ್ಕು ಗ್ಲೈಸಿನ್ ಒಂದು ಸೆರಿನ್ ಇರುವ ಕೊಂಡಿ ಮೂರು ಸಲ, ಕೊನೆಯಲ್ಲಿ ಹಿಡಿಯುವ ತುಂಡು. ಒಟ್ಟು ತೂಕ ಸುಮಾರು 48 ಕಿಲೋಡಾಲ್ಟನ್. ಹಿಡಿಯುವ ತುಂಡು ಸ್ವಾಭಾವಿಕವಾಗಿ ಹಿಂತುದಿಯಲ್ಲಿರುತ್ತದೆ, ಅಲ್ಲೇ ಇರಲಿ. ಅದರ ಹಿಂದೆ ಏನನ್ನೂ ಅಂಟಿಸಬೇಡಿ, ಸ್ಟಾಪ್ ಕೋಡಾನ್ ತಪ್ಪದೆ ಹಾಕಿ. ಜೀನ್ ಇಡುವ ಪೆಟ್-28ಎ ಪ್ಲಾಸ್ಮಿಡ್‌ನ ಕೊನೆಯಲ್ಲಿ ಇನ್ನೊಂದು ಹಿಸ್ ಟ್ಯಾಗ್ ಇದೆ. ಸ್ಟಾಪ್ ಕೋಡಾನ್ ಮರೆತರೆ ಅದು ತಾನಾಗಿ ಬಾಲಕ್ಕೆ ಅಂಟಿಕೊಳ್ಳುತ್ತದೆ.

ಏವಿ ಟ್ಯಾಗ್ ಯಾಕೆ ಎಂದು ಕೇಳಬಹುದು. ಪ್ರೋಟೀನ್ ಅನ್ನು ಮಣಿಗೆ ಅಂಟಿಸುವ ಸುಲಭ ರಾಸಾಯನಿಕ ವಿಧಾನಗಳು ಲೈಸಿನ್‌ಗಳನ್ನು ಹಿಡಿಯುತ್ತವೆ. ಲೈಸಿನ್‌ಗಳು ಪ್ರೋಟೀನ್ ಮೈತುಂಬ, ಹಿಡಿಯುವ ಜಾಗದಲ್ಲೂ ಇರುತ್ತವೆ. ಹಾಗಾಗಿ ಬಹುಪಾಲು ಅಣುಗಳು ಬೋರಲಾಗಿಯೋ ಅಡ್ಡಡ್ಡವಾಗಿಯೋ ಅಂಟಿ ನಿರುಪಯುಕ್ತವಾಗುತ್ತವೆ. ಏವಿ ಟ್ಯಾಗ್‌ನಲ್ಲಿ ಬೀರ್‌ಎ ಎಂಬ ಕಿಣ್ವ ಒಂದೇ ಒಂದು ಲೈಸಿನ್‌ಗೆ ಬಯೋಟಿನ್ ಹಚ್ಚುತ್ತದೆ. ಬಯೋಟಿನ್ ಅನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಸವರಿದ ಮಣಿಗೆ ಎಲ್ಲ ಅಣುಗಳೂ ಒಂದೇ ತುದಿಯಿಂದ ಕಚ್ಚಿಕೊಂಡು, ಕೈಗಳೆಲ್ಲ ಹೊರಗೆ ಚಾಚಿರುತ್ತವೆ.

ಜೀನ್ ಅನ್ನು ಇ. ಕೋಲಿಗೆ ಹೊಂದುವ ಕೋಡಾನ್‌ಗಳಲ್ಲಿ ಕೃತಕವಾಗಿ ಬರೆಸಿ. ಲಿಸ್ಟೀರಿಯಾ ಫೇಜ್‌ಗಳ ಡಿಎನ್‌ಎಯಲ್ಲಿ ಎ, ಟಿ ಹೆಚ್ಚು. ಹಾಗೇ ಇಟ್ಟರೆ ಇ. ಕೋಲಿ ಅಪರೂಪಕ್ಕೆ ಬಳಸುವ ಕೋಡಾನ್‌ಗಳು ಎದುರಾಗಿ ತಯಾರಿ ಅರ್ಧಕ್ಕೆ ನಿಲ್ಲಬಹುದು. ಇನ್ನೊಂದು ಜೀನನ್ನೂ ಇದೇ ಸಲ ತರಿಸಿ: ಹಿಡಿಯುವ ತುಂಡಿಲ್ಲದ, ಟ್ಯಾಗ್‌ಗಳು ಮತ್ತು ಜಿಎಫ್‌ಪಿ ಮಾತ್ರ ಇರುವ ಪ್ರೋಟೀನ್. ಇದು ತಾಳೆ ನೋಡಲು ನಿಮಗಿರುವ ಪ್ರೋಟೀನ್ (ಕಂಟ್ರೋಲ್). ಇದಿಲ್ಲದೆ ಮುಂದೆ ಯಾವ ಹಸಿರು ಬೆಳಕನ್ನೂ ನಂಬಲಾಗದು.

ಪ್ರೋಟೀನ್ ತಯಾರಿ

ಇ. ಕೋಲಿಯ ಬಿಎಲ್21 ಡಿಇ3 ತಳಿಗೆ ಎರಡು ಪ್ಲಾಸ್ಮಿಡ್ ಸೇರಿಸಿ: ನಿಮ್ಮದು, ಜೊತೆಗೆ ಬೀರ್‌ಎ ಇರುವ, ಕ್ಲೋರಾಂಫೆನಿಕಾಲ್ ತಡೆಯುವ ಪ್ಲಾಸ್ಮಿಡ್. ಕ್ಯಾನಮೈಸಿನ್ ಮಿ.ಲೀ.ಗೆ 50 ಮೈಕ್ರೋಗ್ರಾಂ, ಕ್ಲೋರಾಂಫೆನಿಕಾಲ್ 10 ಮೈಕ್ರೋಗ್ರಾಂ.

ಒಂಟಿ ಕಾಲೊನಿಯಿಂದ 10 ಮಿ.ಲೀ. ಎಲ್‌ಬಿ ಸಾರಿನಲ್ಲಿ ರಾತ್ರಿ ಬೆಳೆಸಿ, ಬೆಳಗ್ಗೆ 1 ಲೀಟರ್‌ಗೆ ಹಾಕಿ. ಆ ಲೀಟರನ್ನು 2 ಲೀಟರ್‌ನ ಎರಡು ಫ್ಲಾಸ್ಕ್‌ಗಳಿಗೆ ಅರ್ಧರ್ಧ ಹಂಚಿ. ಜಿಎಫ್‌ಪಿಯ ಬಣ್ಣ ಮಾಗಲು ಆಮ್ಲಜನಕ ಬೇಕು. ಕುತ್ತಿಗೆವರೆಗೆ ತುಂಬಿದ ಫ್ಲಾಸ್ಕ್‌ನಲ್ಲಿ ಪ್ರೋಟೀನ್ ಬಂದರೂ ಹಸಿರು ಬರುವುದಿಲ್ಲ. 37 ಡಿಗ್ರಿಯಲ್ಲಿ 600 ನ್ಯಾನೋಮೀಟರ್ ಓಡಿ (ಸಾರು ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.5-0.6 ಮುಟ್ಟಿದಾಗ ಫ್ಲಾಸ್ಕ್‌ಗಳನ್ನು ಮಂಜಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು 20 ಡಿಗ್ರಿಗೆ ಇಳಿಸಿ. ಬಯೋಟಿನ್ 50 ಮೈಕ್ರೋಮೋಲಾರ್, ಜೀನನ್ನು ಚಾಲೂ ಮಾಡುವ ಐಪಿಟಿಜಿ 0.2 ಮಿಲಿಮೋಲಾರ್ ಸೇರಿಸಿ 16ರಿಂದ 18 ಗಂಟೆ ಅಲ್ಲಾಡಿಸಿ. ಬೇಗ ಆಗಲೆಂದು 37 ಡಿಗ್ರಿಯಲ್ಲೇ ಬಿಟ್ಟರೆ ಪ್ರೋಟೀನ್‌ನ ದೊಡ್ಡ ಪಾಲು ಕರಗದ ಮುದ್ದೆಯಾಗುವ ಅಪಾಯವಿದೆ.

5,000 ಜಿಯಲ್ಲಿ 15 ನಿಮಿಷ ತಿರುಗಿಸಿ ಕೋಶಗಳನ್ನು ಕೂಡಿಸಿ. ಗಡ್ಡೆ ಕಣ್ಣಿಗೇ ಹಸಿರಾಗಿ ಕಾಣಬೇಕು. 30 ಮಿ.ಲೀ. ಬಫರ್‌ನಲ್ಲಿ ಕಲಸಿ: ಸೋಡಿಯಂ ಫಾಸ್ಫೇಟ್ 50 ಮಿಲಿಮೋಲಾರ್, ಉಪ್ಪು 500 ಮಿಲಿಮೋಲಾರ್, ಇಮಿಡಜೋಲ್ 10 ಮಿಲಿಮೋಲಾರ್, ಪಿಎಚ್ 8.0, ಜೊತೆಗೆ ಪ್ರೋಟೀನ್ ಕಡಿಯುವ ಕಿಣ್ವಗಳನ್ನು ತಡೆಯಲು ಆಗತಾನೇ ಹಾಕಿದ ಪಿಎಂಎಸ್‌ಎಫ್ 1 ಮಿಲಿಮೋಲಾರ್. ಕೋಶ ಒಡೆಯಲು ಸಾಮಾನ್ಯವಾಗಿ ಮೊಟ್ಟೆಯ ಲೈಸೋಜೈಮ್ ಹಾಕುವ ಅಭ್ಯಾಸವಿದೆ, ಇಲ್ಲಿ ಬೇಡ. ಭಿತ್ತಿಯನ್ನು ಹಿಡಿಯುವ ಪ್ರೋಟೀನ್ ಪರೀಕ್ಷಿಸುವಾಗ ಭಿತ್ತಿಯನ್ನು ಕಡಿಯುವ ಇನ್ನೊಂದು ಪ್ರೋಟೀನ್ ಉಳಿದುಕೊಂಡಿದ್ದರೆ ಫಲಿತಾಂಶ ಕಲಸುಮೇಲೋಗರ. ಸೋನಿಕೇಟರ್‌ನಲ್ಲಿ 10 ಸೆಕೆಂಡು ಚಾಲೂ, 20 ಸೆಕೆಂಡು ವಿರಾಮ, ಒಟ್ಟು 5 ನಿಮಿಷ ಚಾಲೂ ಸಮಯ, ಪಾತ್ರೆ ಮಂಜಿನಲ್ಲಿ. ನೊರೆ ಬಂದರೆ ನಿಲ್ಲಿಸಿ. ನೊರೆಯಲ್ಲಿ ಪ್ರೋಟೀನ್ ಕೆಡುತ್ತದೆ.

20,000 ಜಿಯಲ್ಲಿ 30 ನಿಮಿಷ, 4 ಡಿಗ್ರಿ. ಹಸಿರು ಮೇಲಿನ ತಿಳಿಯಲ್ಲಿದ್ದರೆ ಗೆದ್ದಿರಿ. ತಳದ ಮುದ್ದೆಯಲ್ಲಿದ್ದರೆ ಬೇರೆ ಆವೃತ್ತಿಗೆ ಹೋಗಿ, ಇಲ್ಲವೇ 16 ಡಿಗ್ರಿಗೆ ಇಳಿಸಿ. ಮುದ್ದೆಯನ್ನು ಯೂರಿಯಾದಲ್ಲಿ ಕರಗಿಸಿ ಮತ್ತೆ ಮಡಿಸುವ ಹಟಕ್ಕೆ ಬೀಳಬೇಡಿ. ತಿಳಿಯನ್ನು 1 ಮಿ.ಲೀ. ನಿಕ್ಕಲ್ ರಾಳದ ಮೇಲೆ ಹರಿಸಿ, 25 ಮಿಲಿಮೋಲಾರ್ ಇಮಿಡಜೋಲ್ ಇರುವ ಬಫರ್ 20 ಮಿ.ಲೀ.ನಲ್ಲಿ ತೊಳೆದು, 250 ಮಿಲಿಮೋಲಾರ್‌ನಲ್ಲಿ ಇಳಿಸಿ. ಹಸಿರು ಹನಿಗಳನ್ನಷ್ಟೇ ಹಿಡಿದುಕೊಳ್ಳಿ.

ಆಮೇಲಿನ ಡಯಾಲಿಸಿಸ್‌ನಲ್ಲಿ ಅವಸರ ಸಲ್ಲದು. ಫಾಸ್ಫೇಟ್ 50 ಮಿಲಿಮೋಲಾರ್, ಉಪ್ಪು 150 ಮಿಲಿಮೋಲಾರ್, ಟ್ವೀನ್-20 (ಸೌಮ್ಯ ಮಾರ್ಜಕ) 0.05 ಶೇಕಡ, ಪಿಎಚ್ 8.0, ಒಂದೊಂದು ಲೀಟರ್‌ನಂತೆ ಮೂರು ಸಲ ಬದಲಿಸಿ, ಒಂದು ಬದಲಾವಣೆ ರಾತ್ರಿಯಿಡೀ ಇರಲಿ. ಇಮಿಡಜೋಲ್ ಹೋಗುವುದಷ್ಟೇ ಇದರ ಉದ್ದೇಶವಲ್ಲ. ಸಾರಿಗೆ ಹಾಕಿದ ಬಿಡಿ ಬಯೋಟಿನ್ ಚೂರುಪಾರು ಉಳಿದರೂ ಅದು ಪ್ರೋಟೀನ್‌ಗಿಂತ ಮೊದಲು ಹೋಗಿ ಮಣಿಯ ಜಾಗಗಳನ್ನೆಲ್ಲ ತುಂಬಿಬಿಡುತ್ತದೆ. ಮಣಿ ಪ್ರೋಟೀನ್ ಹಿಡಿಯುತ್ತಿಲ್ಲ ಎಂದಾಗ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಬಯೋಟಿನ್ ಹತ್ತಿದೆಯೇ ನೋಡಲು ಸುಲಭ ಉಪಾಯವಿದೆ. ಪ್ರೋಟೀನ್ ಅನ್ನು ಎಸ್‌ಡಿಎಸ್ ಬಫರ್‌ನಲ್ಲಿ ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಹೆಚ್ಚುವರಿ ಸ್ಟ್ರೆಪ್ಟಾವಿಡಿನ್ ಬೆರೆಸಿ, ಮತ್ತೆ ಕುದಿಸದೆ ಜೆಲ್‌ಗೆ ಹಾಕಿ. ಬಯೋಟಿನ್ ಇರುವ ಪ್ರೋಟೀನ್‌ನ ಪಟ್ಟಿ 48ರಿಂದ ಮೇಲಕ್ಕೆ ಹಾರುತ್ತದೆ. ಕೆಳಗೆ ಉಳಿದ ಪಾಲೆಷ್ಟೋ ಅಷ್ಟು ಹತ್ತಿಲ್ಲ.

ಪ್ರಮಾಣ ಅಳೆಯಲು 485 ನ್ಯಾನೋಮೀಟರ್‌ನಲ್ಲಿ ಹೀರಿಕೆ ನೋಡಿ. ಸೂಪರ್‌ಫೋಲ್ಡರ್ ಜಿಎಫ್‌ಪಿಯ ಮೋಲಾರ್ ಹೀರಿಕೆ ಗುಣಾಂಕ 83,300. ಈ ಅಳತೆಯೂ 280ರ ಅಳತೆಯೂ ಹತ್ತಿರ ಬಂದರೆ ಪ್ರೋಟೀನ್ ಶುದ್ಧ ಮತ್ತು ಮಾಗಿದ್ದು. 280ರದ್ದು ಬಹಳ ಹೆಚ್ಚಿದ್ದರೆ ಕಲಬೆರಕೆ ಇದೆ, ಇಲ್ಲವೇ ಜಿಎಫ್‌ಪಿ ಪೂರ್ತಿ ಮಾಗಿಲ್ಲ. 5 ಮಿಲಿಗ್ರಾಂ ಸಿಕ್ಕರೆ ಸಾವಿರಕ್ಕೂ ಹೆಚ್ಚು ಪರೀಕ್ಷೆಗಳಿಗೆ ಸಾಕು. ಅರ್ಧಕ್ಕರ್ಧ ಗ್ಲಿಸರಾಲ್ ಬೆರೆಸಿ ಮೈನಸ್ 20ರಲ್ಲಿ ಚಿಕ್ಕ ಚಿಕ್ಕ ಟ್ಯೂಬ್‌ಗಳಲ್ಲಿ ಇಡಿ.

ಹಿಡಿಯುತ್ತದೆಯೇ? ಹಿಡಿಯಬಾರದ್ದನ್ನು ಬಿಡುತ್ತದೆಯೇ?

ಲಿಸ್ಟೀರಿಯಾ ಇನೋಕುವಾವನ್ನು ಯೀಸ್ಟ್ ಸಾರ ಸೇರಿಸಿದ ಟ್ರಿಪ್ಟಿಕ್ ಸೋಯಾ ಸಾರಿನಲ್ಲಿ 30 ಡಿಗ್ರಿಯಲ್ಲಿ ಓಡಿ 1ರವರೆಗೆ ಬೆಳೆಸಿ. ಟ್ವೀನ್ ಇರುವ ಫಾಸ್ಫೇಟ್ ಬಫರ್‌ನಲ್ಲಿ ಎರಡು ಸಲ ತೊಳೆದು ಮತ್ತೆ ಓಡಿ 1ಕ್ಕೆ ತನ್ನಿ. ಇಂಥ 100 ಮೈಕ್ರೋಲೀಟರ್‌ನಲ್ಲಿ ಸುಮಾರು ಹತ್ತು ಕೋಟಿ ಕೋಶಗಳಿರುತ್ತವೆ. ಒಂದೊಂದರ ಮೇಲೂ ಈ ತುಂಡಿಗೆ ಕೆಲವು ಹತ್ತು ಸಾವಿರ ಹಿಡಿಕೆಗಳಿವೆ. 80,000 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಎಲ್ಲ ಹಿಡಿಕೆಗಳನ್ನೂ ತುಂಬಲು ಸುಮಾರು 0.65 ಮೈಕ್ರೋಗ್ರಾಂ ಪ್ರೋಟೀನ್ ಬೇಕು. ಈ ಲೆಕ್ಕ ಮಾಡದೆ ಕಣ್ಣಳತೆಯಲ್ಲಿ ಪ್ರೋಟೀನ್ ಸುರಿದರೆ ತೊಂದರೆ. 20 ಮೈಕ್ರೋಗ್ರಾಂ ಹಾಕಿದವರಿಗೆ ಹೆಚ್ಚಿನದೆಲ್ಲ ತಿಳಿಯಲ್ಲೇ ಉಳಿದು, ಪ್ರೋಟೀನ್ ಹಿಡಿಯುತ್ತಲೇ ಇಲ್ಲ ಎನ್ನಿಸುತ್ತದೆ.

ಆದ್ದರಿಂದ ಎರಡು ಬಗೆಯಲ್ಲಿ ಮಾಡಿ. ಸೂಕ್ಷ್ಮದರ್ಶಕದಲ್ಲಿ ನೋಡಲು 2 ಮೈಕ್ರೋಗ್ರಾಂ. ಶೇಕಡಾವಾರು ಲೆಕ್ಕಕ್ಕೆ 0.2 ಮೈಕ್ರೋಗ್ರಾಂ. ಕೋಣೆಯ ಉಷ್ಣತೆಯಲ್ಲಿ 10 ನಿಮಿಷ ಇಟ್ಟು, 12,000 ಜಿಯಲ್ಲಿ 1 ನಿಮಿಷ ತಿರುಗಿಸಿ, ತಿಳಿಯ ಹೊಳಪನ್ನೂ, ಎರಡು ಸಲ ತೊಳೆದ ಗಡ್ಡೆಯ ಹೊಳಪನ್ನೂ ಅಳೆಯಿರಿ. ಎ500ರ ತುಂಡು ಕೋಶದ ಸುತ್ತ ಸಮನಾಗಿ ಹಚ್ಚಿದ ಹಸಿರು ಅಂಚಿನಂತೆ ಕಾಣಿಸುತ್ತದೆ. ಎ118ರದ್ದು ಕೋಶ ಇಬ್ಭಾಗವಾಗುವ ನಡುಗೆರೆಯಲ್ಲೂ ತುದಿಗಳಲ್ಲೂ ಹೆಚ್ಚು ಸೇರುತ್ತದೆ. ಅದನ್ನು ನೋಡಿ ಹಿಡಿತ ಕೆಟ್ಟಿದೆ ಎಂದುಕೊಳ್ಳಬೇಡಿ, ಅದರ ಸ್ವಭಾವವೇ ಹಾಗೆ.

ಜೊತೆಗೆ ಇವುಗಳನ್ನೂ ಅದೇ ದಿನ, ಅದೇ ಟ್ಯೂಬ್ ಸಾಲಿನಲ್ಲಿ ಮಾಡಿ: ಬರಿಯ ಜಿಎಫ್‌ಪಿ ಪ್ರೋಟೀನ್‌ನೊಂದಿಗೆ ಇನೋಕುವಾ, ನಿಮ್ಮ ಪ್ರೋಟೀನ್‌ನೊಂದಿಗೆ ಬ್ಯಾಸಿಲಸ್ ಸಬ್ಟಿಲಿಸ್, ಇ. ಕೋಲಿ ಕೆ-12, ಹಾಲಿನಲ್ಲಿ ಸಾಮಾನ್ಯವಾಗಿರುವ ಒಂದು ಲ್ಯಾಕ್ಟೋಕಾಕಸ್. ಸಾಧ್ಯವಿದ್ದರೆ ಸಿರೋವಾರ್ 1/2ರ ಒಂದು ತಳಿ. ಕೊನೆಯದರಲ್ಲಿ ಹೊಳಪು ಬರಬಾರದು. ಬಂದರೆ ನಿಮ್ಮ ಪ್ರೋಟೀನ್ ಆರಿಸಿ ಹಿಡಿಯುತ್ತಿಲ್ಲ, ಸುಮ್ಮನೆ ಅಂಟಿಕೊಳ್ಳುತ್ತಿದೆ. ಅರ್ಧ ಮಡಿಚಿದ ಪ್ರೋಟೀನ್‌ಗಳು ಹೀಗೆ ಮಾಡುತ್ತವೆ.

ಒಂದು ಮಿತಿಯನ್ನು ಇಲ್ಲೇ ಹೇಳಬೇಕು. ಈ ತುಂಡು ರೋಗಕಾರಕ 4ಬಿಯನ್ನೂ ನಿರುಪದ್ರವಿ ಇನೋಕುವಾವನ್ನೂ ಒಂದೇ ರೀತಿ ಹಿಡಿಯುತ್ತದೆ. ಹಾಗಾಗಿ ಮಣಿಯಲ್ಲಿ ಏನೋ ಸಿಕ್ಕಿತು ಎಂದ ಮಾತ್ರಕ್ಕೆ ಹಾಲು ಕೆಟ್ಟಿದೆ ಎಂದು ಬರೆದುಕೊಡಬೇಡಿ. ಹಿಡಿದ ಕೋಶಗಳ ಮೇಲೆ ರೋಗಕಾರಕದ ಗುರುತಾದ ಎಚ್‌ಎಲ್‌ವೈ ಜೀನ್‌ನ ಪಿಸಿಆರ್ ಮಾಡಿ, ಅಥವಾ ಅಲೋವಾ ಅಗರ್‌ನಲ್ಲಿ ಬೆಳೆಸಿ. ಎರಡೂ ಜಾತಿಗಳ ಕಾಲೊನಿ ನೀಲಿಹಸಿರಾದರೂ ರೋಗಕಾರಕದ ಸುತ್ತ ಮಂಜು ಮಂಜಾದ ಉಂಗುರ ಇರುತ್ತದೆ.

ಬ್ಯಾಕ್ಟೀರಿಯಾ ತನ್ನ ಸಕ್ಕರೆಯನ್ನು ಕಳಚಿ ತಪ್ಪಿಸಿಕೊಳ್ಳಲಾರದೇ ಎಂಬ ಪ್ರಶ್ನೆ ನ್ಯಾಯವಾದದ್ದು. ತಪ್ಪಿಸಿಕೊಳ್ಳುವ ರೂಪಾಂತರಿಗಳು ಇವೆ. ಆದರೆ 4ಬಿ ಗುಂಪಿನಲ್ಲಿ ಟೀಕೋಯಿಕ್ ಆಮ್ಲದ ಗ್ಯಾಲಕ್ಟೋಸ್ ಕಳೆದುಕೊಂಡು ಫೇಜ್‌ಗೆ ಜಗ್ಗದಾದ ತಳಿಗಳು ನಮ್ಮ ಜೀವಕೋಶದೊಳಗೆ ನುಗ್ಗುವ ಶಕ್ತಿಯನ್ನೂ ಕಳೆದುಕೊಳ್ಳುತ್ತವೆ ಎಂದು 2019ರಲ್ಲಿ ತಿಳಿದುಬಂತು. ಫೇಜ್ ಹಿಡಿಯುವ ಜಾಗವನ್ನು ಆರಿಸಿಕೊಳ್ಳುವುದರಲ್ಲಿ ಇರುವ ಲಾಭ ಇದು.

ಮಣಿಗೆ ಅಂಟಿಸುವುದು

2.8 ಮೈಕ್ರೋಮೀಟರ್ ಅಡ್ಡಗಲದ ಸ್ಟ್ರೆಪ್ಟಾವಿಡಿನ್ ಕಾಂತೀಯ ಮಣಿಗಳು ಮಿ.ಲೀ.ಗೆ 10 ಮಿಲಿಗ್ರಾಂ ಸಾಂದ್ರತೆಯಲ್ಲಿ ಸಿಗುತ್ತವೆ. ಬಾಟಲಿಯನ್ನು ಚೆನ್ನಾಗಿ ಕಲಕಿ 100 ಮೈಕ್ರೋಲೀಟರ್ ತೆಗೆದು, ಆಯಸ್ಕಾಂತದ ಸ್ಟ್ಯಾಂಡ್‌ನಲ್ಲಿ ಮೂರು ಸಲ ತೊಳೆಯಿರಿ. 200 ಮೈಕ್ರೋಲೀಟರ್ ಬಫರ್‌ನಲ್ಲಿ 20 ಮೈಕ್ರೋಗ್ರಾಂ ಪ್ರೋಟೀನ್ ಸೇರಿಸಿ ಅರ್ಧ ಗಂಟೆ ನಿಧಾನವಾಗಿ ಉರುಳಿಸಿ. ಹಾಕುವ ಮೊದಲಿನ ಮತ್ತು ಅನಂತರದ ತಿಳಿಯ ಹೊಳಪು ಅಳೆದರೆ ಎಷ್ಟು ಹತ್ತಿತು ಎಂಬ ಲೆಕ್ಕ ಕೈಯಲ್ಲೇ ಇರುತ್ತದೆ. ಜಿಎಫ್‌ಪಿ ಇಟ್ಟಿದ್ದರ ದೊಡ್ಡ ಅನುಕೂಲ ಇದು. ಕೊಂಚ ತಿಳಿಯಲ್ಲಿ ಉಳಿದಿರಲಿ. ಏನೂ ಉಳಿಯದಿದ್ದರೆ ಮಣಿ ಇನ್ನೂ ಹಸಿದಿದೆ ಎಂದರ್ಥ. ನಾಲ್ಕು ಸಲ ತೊಳೆದು, 0.1 ಶೇಕಡ ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ಇರುವ ಬಫರ್‌ನಲ್ಲಿ ಮತ್ತೆ 100 ಮೈಕ್ರೋಲೀಟರ್‌ಗೆ ತನ್ನಿ.

4 ಡಿಗ್ರಿಯಲ್ಲಿಡಿ, ಎಂದೂ ಹೆಪ್ಪುಗಟ್ಟಿಸಬೇಡಿ; ಹೆಪ್ಪುಗಟ್ಟಿ ಕರಗಿದ ಮಣಿಗಳು ಗಂಟುಗಂಟಾಗುತ್ತವೆ. ಕೆಡದಿರಲೆಂದು 0.02 ಶೇಕಡ ಸೋಡಿಯಂ ಅಜೈಡ್ ಹಾಕುವುದುಂಟು. ಹಾಕಿದರೆ ಬಳಸುವ ಮುನ್ನ ಮೂರು ಸಲ ತೊಳೆಯಲೇಬೇಕು. ಅಜೈಡ್ ಹಿಡಿದ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತದೆ. ಆಗ ಬರುವ ಸುಳ್ಳು ಋಣಾತ್ಮಕ ಉತ್ತರಕ್ಕೆ ಕಾರಣ ಹುಡುಕಲು ವಾರಗಟ್ಟಲೆ ಬೇಕಾದೀತು.

ಹಾಲಿನಿಂದ ಎತ್ತುವುದು

25 ಮಿ.ಲೀ. ಹಾಲಿನಲ್ಲಿ ಒಂದೇ ಕೋಶ ಇದೆ ಎಂದುಕೊಳ್ಳಿ. 225 ಮಿ.ಲೀ. ಸಾರಿಗೆ ಬೆರೆಸಿ ಅದರಿಂದ 1 ಮಿ.ಲೀ. ತೆಗೆದರೆ ಆ ಕೋಶ ನಿಮ್ಮ ಟ್ಯೂಬಿಗೆ ಬರುವ ಸಾಧ್ಯತೆ 250ರಲ್ಲಿ ಒಂದು. ಮಣಿ ಎಷ್ಟೇ ಚುರುಕಾಗಿದ್ದರೂ ಟ್ಯೂಬಿನಲ್ಲಿ ಇಲ್ಲದ್ದನ್ನು ಹಿಡಿಯಲಾರದು. ಪೋಷಣೆಯ ಹಂತವೇ ಬೇಡ ಎನ್ನುವವರ ಮಾತನ್ನು ನಂಬಬೇಡಿ. ಅರ್ಧ ಫ್ರೇಸರ್ ಎಂಬ ಪೋಷಕ ಸಾರಿನಲ್ಲಿ 30 ಡಿಗ್ರಿಯಲ್ಲಿ ಒಂದು ರಾತ್ರಿ ಬೆಳೆಸಿ, ಆಮೇಲೆ ಮಣಿ ಹಾಕಿ. ಎರಡನೆಯ ಪೋಷಣೆಯ ಸಮಯವನ್ನು ಉಳಿಸುವುದೇ ಇಲ್ಲಿಯ ಗಳಿಕೆ.

ಸಾರಿನ 1 ಮಿ.ಲೀ.ಗೆ 1 ಮಿ.ಲೀ. ಟ್ವೀನ್ ಬಫರ್, 20 ಮೈಕ್ರೋಲೀಟರ್ ಮಣಿ. ಇಷ್ಟರಲ್ಲಿ ಒಂದು ಕೋಟಿಗೂ ಹೆಚ್ಚು ಮಣಿಗಳಿರುತ್ತವೆ. ಇನ್ನೂ ಸುರಿದರೆ ಹಿಡಿತ ಹೆಚ್ಚುವುದಕ್ಕಿಂತ ಬೇಡದ್ದು ಅಂಟುವುದೇ ಹೆಚ್ಚು. 30 ನಿಮಿಷ ಉರುಳಿಸಿ. ಅಲುಗಾಡದೆ ಇಟ್ಟರೆ ಮಣಿ ತಳಕ್ಕೆ ಕೂರುತ್ತದೆ, ಕೋಶ ಮೇಲೆ ಉಳಿಯುತ್ತದೆ. ಆಯಸ್ಕಾಂತದ ಮುಂದೆ 3 ನಿಮಿಷ, ಗಟ್ಟಿ ಹಾಲಾದರೆ 5 ನಿಮಿಷ. ತಿಳಿಯನ್ನು ಎಸೆಯದೆ ಎತ್ತಿಡಿ. ಮೂರು ಸಲ ತೊಳೆದು ಮಣಿಗಳನ್ನು 100 ಮೈಕ್ರೋಲೀಟರ್‌ನಲ್ಲಿ ಕಲಸಿ ತಟ್ಟೆಗೆ ಹರಡಿ, ಇಲ್ಲವೇ 95 ಡಿಗ್ರಿಯಲ್ಲಿ ಬಿಸಿ ಮಾಡಿ ಪಿಸಿಆರ್‌ಗೆ ಕೊಡಿ. ಲಿಸ್ಟೀರಿಯಾದ ಭಿತ್ತಿ ದಪ್ಪ. ಬಿಸಿಯಿಂದಷ್ಟೇ ಡಿಎನ್‌ಎ ಸರಿಯಾಗಿ ಬರದಿದ್ದರೆ ಚಿಕ್ಕ ಗಾಜಿನ ಮಣಿಗಳೊಂದಿಗೆ ಬಡಿಯಿರಿ.

ಎಮ್ಮೆ ಹಾಲಿನಂಥ ಕೊಬ್ಬಿನ ಹಾಲು ಕಾಟ ಕೊಡುತ್ತದೆ. ಕೊಬ್ಬಿನ ಹನಿಗಳು ಮಣಿಗೆ ಮೆತ್ತಿ ತೇಲಿಸುತ್ತವೆ. ಕೆನೆ ತೆಗೆದುಬಿಡೋಣ ಎನ್ನಿಸುವುದು ಸಹಜ, ಆದರೆ ಬ್ಯಾಕ್ಟೀರಿಯಾದ ದೊಡ್ಡ ಪಾಲು ಕೆನೆಯೊಂದಿಗೇ ಮೇಲೇರುತ್ತದೆ. ಕೆನೆ ತೆಗೆಯುವ ಬದಲು ಇನ್ನಷ್ಟು ತೆಳುಮಾಡಿ, ಟ್ವೀನ್ ಅನ್ನು 0.1 ಶೇಕಡಕ್ಕೆ ಏರಿಸಿ. ಮೊಸರು, ಮಜ್ಜಿಗೆಯಾದರೆ ಪಿಎಚ್ ಅನ್ನು 7ರಿಂದ 8ಕ್ಕೆ ತಂದ ಮೇಲೆಯೇ ಮಣಿ ಹಾಕಿ. ಹುಳಿಯಲ್ಲಿ ಕೇಸಿನ್ ಒಡೆದು ಮಣಿಗಳನ್ನು ಸುತ್ತಿಕೊಳ್ಳುತ್ತದೆ, ಜಿಎಫ್‌ಪಿಯ ಹೊಳಪೂ ಕುಗ್ಗುತ್ತದೆ. ಫ್ರೇಸರ್ ಸಾರು ಕಪ್ಪಾಗಿದ್ದರೆ ತೊಳೆಯುವ ಮೊದಲು ಹೊಳಪು ಅಳೆಯುವುದು ವ್ಯರ್ಥ. ಬೇಡದ ಬ್ಯಾಕ್ಟೀರಿಯಾ ಜಾಸ್ತಿ ಬರುತ್ತಿದ್ದರೆ ಮೊದಲು ಟ್ವೀನ್ ಹೆಚ್ಚಿಸಿ. ಅದೂ ಸಾಲದಿದ್ದರೆ ತೊಳೆಯುವ ಬಫರ್‌ನ ಉಪ್ಪನ್ನು ಹಂತಹಂತವಾಗಿ 300 ಮಿಲಿಮೋಲಾರ್‌ವರೆಗೆ ಏರಿಸಿ, ಪ್ರತಿ ಹಂತದಲ್ಲೂ ಬೇಕಾದ ಕೋಶಗಳ ಹಿಡಿತ ಇಳಿದಿಲ್ಲವೆಂದು ನೋಡಿಕೊಳ್ಳಿ.

ಎಷ್ಟು ಶೇಕಡ ಹಿಡಿಯಿತು ಎಂಬ ಲೆಕ್ಕದಲ್ಲಿ ಒಂದು ಬಲೆ ಇದೆ. 5,000 ಕೋಶ ಹಾಕಿ, ಮಣಿಯ ತಟ್ಟೆಯಲ್ಲಿ 2,900 ಕಾಲೊನಿ ಬಂತೆನ್ನಿ. 58 ಶೇಕಡ ಎನ್ನಿಸುತ್ತದೆ. ಆದರೆ ಎತ್ತಿಟ್ಟ ತಿಳಿ ಮತ್ತು ತೊಳೆದ ನೀರಿನಲ್ಲಿ ಎಣಿಸಿದರೆ 400 ಮಾತ್ರ. ಅಂದರೆ 92 ಶೇಕಡ ಹಿಡಿದಿದೆ. ಒಂದೇ ಮಣಿಗೊಂಚಲಿನಲ್ಲಿ ಎರಡು ಮೂರು ಕೋಶ ಕೂತು ಒಂದೇ ಕಾಲೊನಿಯಾಗಿವೆ. ಎರಡೂ ಸಂಖ್ಯೆಗಳನ್ನು ಬರೆದಿಡಿ. ತಿಳಿಯ ಎಣಿಕೆ ಮಣಿ ಎಷ್ಟು ಹಿಡಿಯಿತೆಂದು ಹೇಳುತ್ತದೆ, ತಟ್ಟೆಯ ಎಣಿಕೆ ಪರೀಕ್ಷೆಯ ಕೊನೆಗೆ ನಿಮಗೆಷ್ಟು ಕಾಣಿಸಿತೆಂದು.

ಸಾಲ್ಮೊನೆಲ್ಲಾ ಬೇಕಿದ್ದರೆ

ಇದೇ ಉಪಾಯ ಸಾಲ್ಮೊನೆಲ್ಲಾ, ಇ. ಕೋಲಿಗೆ ನಡೆಯುವುದಿಲ್ಲ. ಅವುಗಳ ಭಿತ್ತಿಯ ಹೊರಗೆ ಇನ್ನೊಂದು ಪೊರೆ ಇದೆ. ಎಂಡೋಲೈಸಿನ್‌ನ ಕೈ ಅಲ್ಲಿಯವರೆಗೆ ಚಾಚುವುದಿಲ್ಲ. ಅಲ್ಲಿ ಫೇಜ್‌ನ ಬಾಲದ ಪ್ರೋಟೀನ್ ಬೇಕು. ಪಿ22 ಫೇಜ್‌ನ ಬಾಲದ ಮುಳ್ಳು ಚೆನ್ನಾಗಿ ಅಧ್ಯಯನವಾದದ್ದು: 666 ಅಮೈನೋ ಆಮ್ಲಗಳ ಮೂರು ಸರಪಳಿ ಹೆಣೆದುಕೊಂಡ ಪ್ರೋಟೀನ್. ಸಾಲ್ಮೊನೆಲ್ಲಾದ ಎ, ಬಿ, ಡಿ1 ಗುಂಪುಗಳ ಹೊರಗಿನ ಸಕ್ಕರೆ ಸರವನ್ನು ಗುರುತಿಸಿ ಕತ್ತರಿಸುತ್ತದೆ. ಫೇಜ್‌ನ ತಲೆಗೆ ಅಂಟುವ ಮೊದಲ 108 ಅಮೈನೋ ಆಮ್ಲಗಳನ್ನು ತೆಗೆದು, 392ನೇ ಜಾಗದ ಆಸ್ಪಾರ್ಟಿಕ್ ಆಮ್ಲವನ್ನು ಆಸ್ಪರಾಜಿನ್ ಮಾಡಿದರೆ ಹಿಡಿತ ಉಳಿದು ಕತ್ತರಿಸುವ ಶಕ್ತಿ ಅಡಗುತ್ತದೆ. ಹಾಗೆ ಮಾಡದಿದ್ದರೆ ಅದು ತಾನು ಹಿಡಿದ ಕೊಂಬೆಯನ್ನೇ ಕಡಿದು ಕೆಳಗೆ ಬೀಳುತ್ತದೆ.

ಇದು ಮೂರು ಸೇರಿ ಒಂದಾಗಬೇಕಾದ ಪ್ರೋಟೀನ್ ಆದ್ದರಿಂದ 30 ಡಿಗ್ರಿಗಿಂತ ಮೇಲೆ ಬೆಳೆಸಬೇಡಿ. ಸರಿಯಾಗಿ ಮಡಿಚಿದೆಯೇ ನೋಡಲು ಜೆಲ್‌ನ ಪಕ್ಕಪಕ್ಕದ ಎರಡು ಸಾಲುಗಳಲ್ಲಿ ಕುದಿಸಿದ್ದು, ಕುದಿಸದ್ದು ಹಾಕಿ. ಸರಿಯಾದ ಮೂರೆಳೆ ಎಸ್‌ಡಿಎಸ್‌ಗೆ ಬಗ್ಗುವುದಿಲ್ಲ. ಕುದಿಸದ ಸಾಲಿನಲ್ಲಿ ಒಂಟಿ ಸರಪಳಿಯ ಜಾಗದಲ್ಲಿ ಅಲ್ಲದೆ ಬೇರೆ ಕಡೆ, ಮೇಲೆ ನಿಲ್ಲುತ್ತದೆ. ಎರಡು ಸಾಲೂ ಒಂದೇ ಎತ್ತರದಲ್ಲಿದ್ದರೆ ಪ್ರೋಟೀನ್ ಮೂರೆಳೆಯಾಗಿಲ್ಲ. ಸಿ ಗುಂಪಿನ ಸಾಲ್ಮೊನೆಲ್ಲಾಗಳನ್ನು ಇದು ನೋಡುವುದೇ ಇಲ್ಲ ಎಂಬುದನ್ನು ವರದಿಯಲ್ಲಿ ಬರೆಯಬೇಕು.

ಪ್ರತಿ ಹೊಸ ತಯಾರಿಗೆ

ಹೊಸ ಮಣಿ ಮಾಡಿದಾಗಲೆಲ್ಲ ಮೂರು ಟ್ಯೂಬ್ ಸಾಕು: ಗೊತ್ತಿರುವ ಎಣಿಕೆಯ ಇನೋಕುವಾ, ಅದೇ ಎಣಿಕೆಯ ಬ್ಯಾಸಿಲಸ್, ಬರಿಯ ಹಾಲು. ಪರೀಕ್ಷೆಯ ಮಿತಿ ನಿರ್ಧರಿಸುವಾಗ ಬರಿಯ ಹಾಲಿನ ಮಾದರಿ ಕನಿಷ್ಠ 20 ಮಾಡಿ, ಅವುಗಳ ಸರಾಸರಿಗೆ ಮೂರು ಪ್ರಮಾಣಕ ವಿಚಲನೆ ಸೇರಿಸಿದ ಸಂಖ್ಯೆಯನ್ನು ಗೆರೆಯಾಗಿಟ್ಟುಕೊಳ್ಳಿ. ಆ ಇಪ್ಪತ್ತು ಒಂದೇ ಡೇರಿಯ ಒಂದೇ ದಿನದ ಹಾಲಾಗಿರದೆ, ಹಸು, ಎಮ್ಮೆ, ಕೆನೆ ತೆಗೆದದ್ದು ಎಲ್ಲ ಇರಲಿ. ಬಳಸಿದ ಮಣಿ, ತಿಳಿ, ತೊಳೆದ ನೀರು ಎಲ್ಲವನ್ನೂ 121 ಡಿಗ್ರಿಯಲ್ಲಿ 30 ನಿಮಿಷ ಆಟೋಕ್ಲೇವ್ ಮಾಡಿದ ಮೇಲೆಯೇ ಹೊರಹಾಕಿ. ಅಜೈಡ್ ಇರುವ ದ್ರಾವಣ ಮಾತ್ರ ಈ ದಾರಿಗೂ ಬೇಡ, ಸಿಂಕಿಗೂ ಬೇಡ: ಬಿಸಿಯಲ್ಲಿ ಅದರಿಂದ ವಿಷದ ಆವಿ ಏಳುತ್ತದೆ, ಸೀಸ ತಾಮ್ರದ ಕೊಳವೆಗಳಲ್ಲಿ ಸ್ಫೋಟಕ ಲವಣವಾಗಿ ಕೂಡಿಕೊಳ್ಳುತ್ತದೆ. ಅದಕ್ಕೆ ರಾಸಾಯನಿಕ ತ್ಯಾಜ್ಯದ ಪ್ರತ್ಯೇಕ ಡಬ್ಬಿ ಇಡಿ.